ಆಲೂರು ಕ್ರಾಸಿನಿಂದ ಮುಕ್ಕಾಲು ತಾಸು

ಎರಡು ವಿಮಾನ ನಿಲ್ದಾಣಗಳ ನಡುವೆ ರಸ್ತೆಯಲ್ಲಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ‘ಯಾವ ದಿನ?’ ಎಂದು ನಾನು ತಿರುಗಿ ಕೇಳುತ್ತೇನೆ. ಕೇಳಿದವರು ನಗುತ್ತಾರೆ. ನಾನು ನಗಿಸಲು ಕೇಳುವುದಿಲ್ಲ.

ಆ ದೂರವನ್ನು ಅಳೆದವಳು ನಾನು. ಒಂದು ನಿಲ್ದಾಣ ಕರ್ನೂಲು ದಾಟಿದ ಮೇಲೆ ಬರುತ್ತದೆ, ಇನ್ನೊಂದು ಬಳ್ಳಾರಿ ದಾಟಿದ ಮೇಲೆ. ಎರಡೂ ಸಣ್ಣವು. ದಿನಕ್ಕೆ ಒಂದು ವಿಮಾನ ಬಂದರೆ ಬಂತು, ಕೆಲವು ದಿನ ಅದೂ ಇಲ್ಲ. ನಡುವೆ ನಮ್ಮ ಆದೋನಿ, ಎರಡರಿಂದಲೂ ನೂರು ಕಿಲೋಮೀಟರಿನ ಆಚೀಚೆ. ನಾನು ಕೆಲಸಕ್ಕಿದ್ದದ್ದು ಒಂದು ಗುತ್ತಿಗೆ ಕಂಪನಿಯಲ್ಲಿ. ವಿಮಾನದವರ ಪರವಾಗಿ ಕೌಂಟರಿನಲ್ಲಿ ಕೂರುವುದು, ಸಾಮಾನಿಗೆ ಟ್ಯಾಗು ಕಟ್ಟುವುದು, ನಡೆಯಲಾಗದವರಿಗೆ ಗಾಲಿಕುರ್ಚಿ ತರಿಸುವುದು ನಮ್ಮ ಕೆಲಸ. ಹವೆ ಕೆಟ್ಟು ವಿಮಾನ ಒಂದು ಕಡೆ ಇಳಿಯಲಾಗದೆ ಇನ್ನೊಂದು ಕಡೆ ಇಳಿದರೆ, ಜನರನ್ನು ಬಸ್ಸಿನಲ್ಲಿ ಕೂರಿಸಿ ಸೇರಬೇಕಾದ ನಿಲ್ದಾಣಕ್ಕೆ ಮುಟ್ಟಿಸುವುದೂ ನಮ್ಮದೇ. ನಾನು ಬಳ್ಳಾರಿ ಕಡೆಯ ನಿಲ್ದಾಣದಲ್ಲಿ ಡ್ಯೂಟಿ ಸೂಪರ್‌ವೈಸರ್. ಕೌತಾಳಂನ ಕುರಿ ಸಾಕುವ ಮನೆಯವಳು, ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮ್ಯಾನೇಜರು, ಎರಡೂ ನಿಲ್ದಾಣಗಳ ನಡುವಿನ ದಾರಿ ನೋಡಿ ಒಂದು ವರದಿ ಕೊಡು ಎಂದರು. ಅವರು ಕೂರುವುದು ಕರ್ನೂಲಿನ ಆಫೀಸಿನಲ್ಲಿ. ಕನ್ನಡ ಬರುತ್ತದೆ, ಬಾಯಿಗೆ ಮೊದಲು ಬರುವುದು ತೆಲುಗು. ನಾನು ಬಾಡಿಗೆ ಕಾರಿನಲ್ಲಿ ಮೂರು ಸಲ ಆ ದಾರಿ ತುಳಿದೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಉರಿಬಿಸಿಲಿನಲ್ಲಿ, ಒಮ್ಮೆ ಸಂತೆಯ ದಿನ. ಹಗರಿ ಸೇತುವೆಯ ಮೇಲೆ ಲಾರಿಗಳು ಎಷ್ಟು ಹೊತ್ತು ಹಿಡಿಯುತ್ತವೆ, ಗೂಡ್ಸು ರೈಲಿಗೆ ಗೇಟು ಬಿದ್ದರೆ ಯಾವಾಗ ಏಳುತ್ತದೆ, ಯಾವ ಊರಿನ ಮುಂದೆ ಹಂಪು, ಯಾವ ತಿರುವಿನಲ್ಲಿ ಉದ್ದ ಬಸ್ಸು ಹೊರಳದು, ಎಲ್ಲವನ್ನೂ ನೋಡಿದೆ. ಕಾರಿನವನಿಗೆ ಸಾಕಾಗಿ, ‘ಮೇಡಂ, ರಸ್ತಿ ಗುಂಡಿಗೆ ಹೆಸರೂ ಇಡ್ತೀರೇನು?’ ಎಂದು ಕೇಳಿದ್ದ.

ಆಲೂರು ಕ್ರಾಸಿನಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೊರಳಿದರೆ ಆಸ್ಪರಿ, ದೇವನಕೊಂಡ, ಕೋಡುಮೂರು ಹಿಡಿದು ಕರ್ನೂಲು. ನಕ್ಷೆಯಲ್ಲಿ ಇದೇ ಹತ್ತಿರ. ಎಡಕ್ಕೆ ಹೊರಳಿದರೆ ಆದೋನಿ, ಎಮ್ಮಿಗನೂರು ಹಿಡಿದು ಕರ್ನೂಲು. ಸ್ವಲ್ಪ ಸುತ್ತು, ಆದರೆ ರಸ್ತೆ ಅಗಲ. ಯಾವ ಕಡೆ ಹೋದರೂ ಬಸ್ಸಿಗೆ ಐದು ತಾಸಿನ ಹತ್ತಿರ ಬೇಕು ಎಂದು ಬರೆದೆ. ಆಲೂರು ಕ್ರಾಸಿನಿಂದ ಆದೋನಿಗೆ ಮುಕ್ಕಾಲು ತಾಸು ಎಂದೂ ಬರೆದೆ. ಜೊತೆಗೆ ಒಂದು ಮಾತು ಸೇರಿಸಿದೆ: ಕರ್ನೂಲು ವಿಮಾನಕ್ಕೆ ಬರುವವರಲ್ಲಿ ಆದೋನಿ, ಎಮ್ಮಿಗನೂರಿನವರು ಬಹಳ ಮಂದಿ. ಎಡ ದಾರಿಯಲ್ಲಿ ಹೋದರೆ ಬಸ್ಸು ಅವರ ಮನೆ ಮುಂದೆಯೇ ಹಾಯುತ್ತದೆ. ಅವರನ್ನು ಅಲ್ಲೇ ಇಳಿಸಬೇಕು, ಬಸ್ಸು ಎಲ್ಲಿಂದ ಹೊರಟಿದೆ, ಯಾವ ದಾರಿ ಹಿಡಿದಿದೆ ಎಂದು ಅವರ ಮನೆಯವರಿಗೆ ತಿಳಿಸಬೇಕು.

ಮ್ಯಾನೇಜರು ಓದಿ ನಕ್ಕರು. ‘ಇದೇನು ಊರೂರಿಗೂ ನಿಲ್ಲೋ ಬಸ್ಸಾ ಏಮ್ಮಾ? ಏರ್‌ಪೋರ್ಟ್ ಟು ಏರ್‌ಪೋರ್ಟ್. ಎಣಿಸಿ ಹತ್ತಿಸಬೇಕು, ಎಣಿಸಿ ಇಳಿಸಬೇಕು. ಅಂತೇ, ಅಷ್ಟೇ.’

ವಿಮಾನ ಬೇರೆಡೆ ಇಳಿದ ದಿನ ಏನು ಮಾಡಬೇಕೆಂಬ ಕಂಪನಿಯ ಕೈಪಿಡಿ ತಯಾರಾಗಿ ಬಂದಾಗ ಅದರಲ್ಲಿ ಆಸ್ಪರಿ ದಾರಿ ಇತ್ತು. ಎದುರಿಗೆ ಎರಡೂವರೆ ತಾಸು ಎಂದಿತ್ತು. ನಾನು ಕೌಂಟರು ಬಿಟ್ಟು ಹೋಗಿ ಫೋನು ಮಾಡಿದೆ. ಮ್ಯಾನೇಜರು, ಗುತ್ತಿಗೆ ಹಿಡಿಯುವಾಗಲೇ ವಿಮಾನದವರಿಗೆ ಕೊಟ್ಟ ಮಾತು ಅದು, ಈಗ ಐದು ಎಂದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ ಎಂದರು. ‘ವರ್ಷಕ್ಕೊಮ್ಮೆ ಆಗೋ ಕಥೆ. ಎವರು ಚೂಸ್ತಾರಮ್ಮಾ, ಯಾರು ನೋಡ್ತಾರೆ?’

ನೋಡುವ ದಿನ ಹತ್ತಿ ಸುಗ್ಗಿಯಲ್ಲಿ ಬಂತು. ಬಂಗಾಳ ಕೊಲ್ಲಿಯಲ್ಲಿ ತುಫಾನು ಎದ್ದು ಕರ್ನೂಲಿನ ಮೇಲೆ ಮೋಡ ನೆಲಕ್ಕೆ ಕೂತಿತ್ತು. ವೈಜಾಗಿನಿಂದ ಬಂದ ವಿಮಾನ ಎರಡು ಸುತ್ತು ಹಾಕಿ, ರನ್‌ವೇ ಕಾಣದೆ ನಮ್ಮ ಕಡೆ ತಿರುಗಿತು. ನಮ್ಮಲ್ಲಿ ಆಗಿನ್ನೂ ಬಿಸಿಲು. ಆ ದಿನ ನಮಗೆ ಯಾವ ವಿಮಾನವೂ ಇರಲಿಲ್ಲವಾದ್ದರಿಂದ ಹೊರಗೆ ಒಂದೂ ಟ್ಯಾಕ್ಸಿ ಇರಲಿಲ್ಲ. ಇದ್ದದ್ದು ನಾನು ಮತ್ತು ಸಾಮಾನು ಇಳಿಸುವ ಇಬ್ಬರು. ಬಳ್ಳಾರಿಯಿಂದ ಟೂರಿಸ್ಟ್ ಬಸ್ಸು ತರಿಸುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಮೂವತ್ತೊಂದು ಜನ. ಪೆಟ್ಟಿಗೆಗಳನ್ನು ಟ್ಯಾಗು ನೋಡಿ ಡಿಕ್ಕಿಗೆ ಹಾಕಿಸಿದೆ, ತಲೆ ಎಣಿಸಿದೆ, ನಿಯಮದಂತೆ ನಾನೂ ಮುಂದಿನ ಸೀಟಿನಲ್ಲಿ ಕೂತೆ.

ಅಷ್ಟರಲ್ಲಿ ಮ್ಯಾನೇಜರು ಕರ್ನೂಲು ಕಡೆ ತಮ್ಮ ಕೆಲಸ ಮುಗಿಸಿದ್ದರು. ಅಲ್ಲಿ ಕಾಯುತ್ತಿದ್ದ ಮನೆಯವರಿಗೆಲ್ಲ, ಪ್ರಯಾಣಿಕರು ಬಸ್ಸಿನಲ್ಲಿ ಎರಡೂವರೆ ತಾಸಿಗೆ ಇಲ್ಲಿಗೇ ಬರುತ್ತಾರೆ ಎಂದು ಹೇಳಿಸಿದ್ದರು. ಎಲ್ಲಿಂದ ಬರುತ್ತಾರೆ ಎಂದು ಹೇಳಿಸಲಿಲ್ಲ. ಕೈಪಿಡಿಯಲ್ಲಿ ಅದು ಇರಲಿಲ್ಲ.

ಬಸ್ಸು ಹೊರಟ ಮೇಲೆ ಮಂದಿ ಸ್ವಲ್ಪ ಹಗುರಾದರು. ‘ಮ್ಯಾಲೆ ಹಾರಾಕಂತ ಟಿಕೆಟ್ ತಗದು ಕೆಳಗ ಕುಲುಕ್ಕೋತ ಹೊಂಟೇವಿ’ ಎಂದು ಒಬ್ಬರು ಹೇಳಿ ಎಲ್ಲರನ್ನೂ ನಗಿಸಿದರು. ಕರ್ನೂಲಿನಲ್ಲಿ ಸಂಜೆಗೆ ಅಣ್ಣನ ಮಗಳ ನಿಶ್ಚಿತಾರ್ಥ ಇದ್ದವರೊಬ್ಬರು ಫೋನಿನಲ್ಲಿ ಬೆಳ್ಳಿ ತಟ್ಟೆ, ಹೂವು, ಅಡಿಗೆಯವರು ಎಂದು ಹುಕುಂ ಕೊಡುತ್ತಲೇ ಇದ್ದರು. ಬಸ್ಸಿನ ಡ್ರೈವರು ಬಳ್ಳಾರಿಯ ವಯಸ್ಸಾದ ಸಾಬರು. ನಾನು ಚಾಚಾ ಎನ್ನುತ್ತಿದ್ದೆ. ಹಗರಿ ಸೇತುವೆ ದಾಟಿದೆವು. ಮೂಡಣಕ್ಕೆ ಮೋಡ ದಟ್ಟವಾಗುತ್ತ ಬಂತು.

ಆಲೂರು ಕ್ರಾಸಿನಲ್ಲಿ ಚಾಚಾ ಬಲಕ್ಕೆ ಇಂಡಿಕೇಟರ್ ಹಾಕಿದರು. ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಕೂಗಿದ್ದಲ್ಲ, ಆದರೂ ಬಸ್ಸಿಗೆಲ್ಲ ಕೇಳಿತು.

‘ಯಾಕ್ರೀ ಈಕಡೆ ಹೊಳ್ಳಸಾಕತ್ತೀರಿ? ಆದೋನಿ ಆಕಡೆ ಐತಿ.’

ಸೀಟುಗಳನ್ನು ಹಿಡಿದುಕೊಳ್ಳುತ್ತ ಮುಂದೆ ಬಂದವಳು ಐವತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ಕಣ್ಣು ಊದಿದ್ದವು. ಅಲ್ಲಿಯವರೆಗೆ ಸೆರಗು ಮುಖದ ಮೇಲೆಳೆದು ಕೊನೆಯ ಸಾಲಿನಲ್ಲಿ ಕೂತಿದ್ದಳು. ನಾನು ನಿದ್ದೆ ಎಂದುಕೊಂಡಿದ್ದೆ.

‘ಬಸ್ಸು ಆಸ್ಪರಿ ಮ್ಯಾಲೆ ಹೋಗತೈತ್ರಿ ಅಕ್ಕಾರ. ಕರ್ನೂಲು ದಾಟಿ ಏರ್‌ಪೋರ್ಟಿನ್ಯಾಗ ಇಳಸ್ತೀವಿ. ನಿಮ್ಮ ಕಾರು ಅಲ್ಲೇ ಬಂದಿರತೈತಲ್ಲ?’ ಎಂದೆ.

‘ಬಂದೈತಿ. ನಮ್ಮ ತಮ್ಮನ ಮಗ ಮುಂಜಾನಿಂದ ಅಲ್ಲೇ ನಿಂತಾನ. ಅಲ್ಲಿ ತನಕ ಹೋಗಿ, ಮತ್ತ ಆದೋನಿಗೆ ಹೊಳ್ಳಿ ಬರೋದರಾಗ ನಮ್ಮಪ್ಪ ಮಣ್ಣಾಗಿರ್ತಾನ ತಂಗಿ.’

ನಿಶ್ಚಿತಾರ್ಥದವರು ಫೋನು ಕಿವಿಯಿಂದ ಇಳಿಸಿದರು.

ಆಕೆಯ ತಂದೆ ಆದೋನಿಯಲ್ಲಿ ಹತ್ತಿ ದಲಾಲಿ ಅಂಗಡಿಯ ಹಿರಿಯರು. ಹಿಂದಿನ ದಿನ ತೀರಿಕೊಂಡಿದ್ದರು. ಅವರದು ಲಿಂಗವಂತರ ಮನೆ. ನಮ್ಮ ಕಡೆ ಅವರು ಸತ್ತವರನ್ನು ಮಲಗಿಸುವುದಿಲ್ಲ, ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಕೂರಿಸುತ್ತಾರೆ. ಇರುಳೆಲ್ಲ ಭಜನೆ ನಡೆಯುತ್ತದೆ. ಮರುದಿನ ಹೊತ್ತು ಮುಳುಗುವ ಮೊದಲು, ಕೂರಿಸಿದ ಹಾಗೆಯೇ ಗುಣಿಯಲ್ಲಿಟ್ಟು, ಮನೆಯವರು ಕೊನೆಯ ಸಲ ಮುಖ ನೋಡಿದ ಮೇಲೆ ಮಣ್ಣು ಕೊಡುತ್ತಾರೆ. ಒಮ್ಮೆ ಮಣ್ಣು ಬಿತ್ತೆಂದರೆ ಮುಗಿಯಿತು, ಯಾರಿಗಾಗಿಯೂ ತೆಗೆಯುವುದಿಲ್ಲ. ಈಕೆ ಒಬ್ಬಳೇ ಮಗಳು. ಇವಳಿಗಾಗಿ ಕಾದಿದ್ದರು.

‘ಮನಿಗೆ ಫೋನ್ ಮಾಡಿ ಬಳ್ಳಾರಿಂದ ಬರಾಕತ್ತೀನಿ ಅಂತ ಹೇಳಿಲ್ಲೇನ್ರಿ?’

‘ಇಳಿದೀನಿ, ಬಸ್ಸಿನ್ಯಾಗ ಕರಕೊಂಡು ಹೊಂಟಾರ ಅಂತ ಹೇಳಿದೆ. ಅತ್ತಾಗ ಭಜನಿ, ಇತ್ತಾಗ ನಾನು ಅಳಾಕತ್ತಿದ್ದೆ. ಬಸ್ಸು ಆದೋನಿ ಮ್ಯಾಲೇ ಹೋಗತೈತಿ ಅಂದ್ಕೊಂಡಿದ್ದೆ. ಮತ್ತ್ಯಾವ ದಾರಿ ಐತವ್ವ?’

ನಾನೇ ಆಕೆಯ ಫೋನಿನಿಂದ ಆಕೆಯ ತಮ್ಮನಿಗೆ ಹಚ್ಚಿಸಿದೆ. ಎತ್ತಿದವನ ಹಿಂದೆ ಜಾಗಟೆಯ ಸದ್ದಿತ್ತು. ನಾನು ಯಾರೆಂದು ಹೇಳಿದೆ.

‘ಇನ್ನೇನು ಹೇಳ್ತೀರಿ ಮೇಡಂ? ಬಸ್ಸು ಸಂಜಿಗೆ ಕರ್ನೂಲಿಗೆ ಬರತೈತಿ ಅಂತ ನಿಮ್ಮ ಆಫೀಸಿನವರು ನಮ್ಮ ಹುಡುಗಗ ಹೇಳ್ಯಾರ. ಅಲ್ಲಿಂದ ಮನಿಗೆ ಬರೋದಕ್ಕ ಕತ್ತಲಾಗತೈತಿ. ಹಿರೇರು ಬ್ಯಾಡ ಅಂದ್ರು. ಮನಿಯಿಂದ ಎತ್ತಿಬಿಟ್ಟೀವಿ. ರುದ್ರಭೂಮಿಗೆ ಬಂದೀವಿ.’

‘ಅಣ್ಣಾರ, ನಾವು ಕರ್ನೂಲು ಕಡಿಂದ ಬರಾಕತ್ತಿಲ್ರಿ. ಬಳ್ಳಾರಿ ಕಡಿಂದ ಬಂದೀವಿ. ಆಲೂರು ಕ್ರಾಸಿನ್ಯಾಗ ಅದೀವಿ.’

ಆತ, ‘ಆಲೂರಾ? ಇಲ್ಲೇ?’ ಎಂದ. ‘ನಮ್ಮ ಅಕ್ಕ ಆಲೂರಿನ್ಯಾಗ ಅದಾಳಾ?’

‘ಹೌದ್ರಿ.’

‘ಎಷ್ಟೊತ್ತು ಹಿಡಿತೈತಿ? ಖರೇ ಹೇಳ್ರಿ. ಮಳಿ ಬರಾಕತ್ತೈತಿ. ಗುಣ್ಯಾಗ ನೀರು ಬಂದ್ರ ಸ್ವಾಮಿಗಳು ತಡಿಯೋದಿಲ್ಲ.’

ಆ ರಸ್ತೆ ನನ್ನ ಕಣ್ಣ ಮುಂದೆ ಪೂರ್ತಿ ಇತ್ತು. ಹಂಪುಗಳ ಸಮೇತ. ‘ಮುಕ್ಕಾಲು ತಾಸು’ ಎಂದೆ.

‘ತಡೀತೀವಿ.’

ಆಕೆಯನ್ನು ಅಲ್ಲೇ ಇಳಿಸಿ ಬೇರೆ ಗಾಡಿ ಹತ್ತಿಸಬಹುದೇ ಎಂದು ನೋಡಿದೆ. ಕ್ರಾಸಿನಲ್ಲಿ ಒಂದು ಆಟೋ ಇಲ್ಲ. ಚಹಾದಂಗಡಿಯವನು, ಆದೋನಿಯಿಂದ ಬರಬೇಕಾದ ಬಸ್ಸುಗಳೂ ಆಗಿನಿಂದ ಬಂದಿಲ್ಲ, ಮೋಡ ನೋಡಿ ಬಿಟ್ಟಿಲ್ಲ ಕಾಣತೈತಿ ಎಂದ. ನಾನೂ ಹಾಗೆಯೇ ಎಂದುಕೊಂಡೆ. ಎದುರಿನಿಂದ ಬಸ್ಸು ಯಾಕೆ ಬಂದಿಲ್ಲ ಎಂದು ಇನ್ನೊಂದು ಸಲ ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು?

ಮ್ಯಾನೇಜರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು, ಅದನ್ನು ಹೇಳಬೇಕು. ಅಯ್ಯೋ ಪಾಪ ಎಂದೂ ಅಂದರು. ಆಮೇಲೆ, ‘ಕಾನೀ ವದ್ದಮ್ಮಾ, ಬೇಡ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ. ಇಲ್ಲಿ ತಲೆ ಒಂದು ಕಮ್ಮಿ ಬಂದರೆ ಜವಾಬು ನೀನೇ. ಆಸ್ಪರಿ ಮೇಲೆ ಬಾ’ ಎಂದರು.

ನಾನು ಫೋನಿಟ್ಟು ಚಾಚಾನ ಕಡೆ ನೋಡಿದೆ. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದರು.

‘ಎಡಕ್ಕ ಹೊಳ್ಳಸ್ರಿ ಚಾಚಾ.’

‘ಸೋಚ್ ಕೇ ಬೋಲ್ ಬೇಟಿ. ನಂದೇನೈತಿ, ಬಾಡಿಗಿ ಬಸ್ಸು. ನೌಕರಿ ನಿಂದೈತಿ.’

‘ಹೊಳ್ಳಸ್ರಿ.’

ನಿಶ್ಚಿತಾರ್ಥದವರು ಎದ್ದು ನಿಂತರು. ‘ಏನ್ರೀ ಮೇಡಂ, ಒಬ್ಬರ ಸಲುವಾಗಿ ಇಷ್ಟು ಮಂದಿಗೆ ಸುತ್ತು ಹಾಕಸ್ತೀರಿ? ನಮ್ಮ ಹುಡುಗಿ ಕಾರ್ಯ ಐತಿ ಸಂಜಿಗೆ.’

ಕಿಟಕಿ ಪಕ್ಕದ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡೇ, ‘ನಿಮ್ಮ ಹುಡುಗಿ ಮುಖ ನಾಳೆನೂ ನೋಡಬಹುದು. ಕುಂದರಪ್ಪ’ ಎಂದರು. ನಿಶ್ಚಿತಾರ್ಥದವರು ಕೂತರು.

ಮೊದಲ ಅರ್ಧ ದಾರಿ ಸಲೀಸಾಗಿತ್ತು. ಚಾಚಾ ಚೆನ್ನಾಗಿ ಓಡಿಸಿದರು. ಆಕೆ ನನ್ನ ಪಕ್ಕದಲ್ಲಿ ಕೂತಿದ್ದಳು, ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು. ಆದೋನಿಯ ಗುಡ್ಡಗಳು ಮಬ್ಬಾಗಿ ಕಂಡವು. ನನ್ನ ಲೆಕ್ಕ ಸರಿಬರುತ್ತಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟದ್ದೂ ನಿಜ. ಮೂರು ಸಲ ತುಳಿದು ಅಳೆದ ದಾರಿ.

ಆಮೇಲೆ ಟ್ರ್ಯಾಕ್ಟರುಗಳು ಸಿಕ್ಕವು. ಹತ್ತಿ ಒಟ್ಟಿದ ಟ್ರ್ಯಾಲಿಗಳು ಒಂದರ ಹಿಂದೊಂದು, ಮೇಲೆ ತಾಡಪಾಲು ಬಿಗಿದು, ರಸ್ತೆಯ ಎರಡೂ ಬದಿ ನಿಂತಿದ್ದವು. ನಡುವೆ ಲಾರಿಗಳು, ಸರ್ಕಾರಿ ಬಸ್ಸುಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡಿದ್ದವು. ಎಷ್ಟು ದೂರ ನೋಡಿದರೂ ತಾಡಪಾಲೇ. ಚಾಚಾ ಎಂಜಿನ್ ಆರಿಸಿದರು.

ನಾನು ಇಳಿದು ಓಡಿದೆ. ಟ್ರ್ಯಾಲಿಯ ಕೆಳಗೆ ಮೂವರು ರೈತರು ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರು.

‘ಏನಾಗೈತಣ್ಣ? ಆಕ್ಸಿಡೆಂಟಾ?’

‘ಆಕ್ಸಿಡೆಂಟ್ ಆಗಿದ್ರ ಇಷ್ಟೊತ್ತಿಗೆ ತಗೀತಿದ್ರವ್ವ. ಯಾರ್ಡ್ ಬಂದ್ ಐತಿ. ಯಾರೋ ದೊಡ್ಡ ಸಾವಕಾರ ಸತ್ತಾನಂತ. ಹರಾಜಿಲ್ಲ, ತೂಕಿಲ್ಲ. ಒಳಗಿನ ಗಾಡಿ ಹೊರಗ ಬರೋದಿಲ್ಲ, ಹೊರಗಿನವು ಒಳಗ ಹೋಗೋದಿಲ್ಲ.’

ಮಾರ್ಕೆಟ್ ಯಾರ್ಡಿನಲ್ಲಿ ಹಿರಿಯ ವ್ಯಾಪಾರಿ ತೀರಿಕೊಂಡರೆ ಮಣ್ಣು ಕೊಡುವ ದಿನ ಹರಾಜು ಕೂಗುವುದಿಲ್ಲ. ಅದು ಅವರಿಗೆ ಕೊಡುವ ಮರ್ಯಾದೆ. ನಾನು ಚಿಕ್ಕಂದಿನಿಂದ ಕೇಳಿದ್ದೇ. ಬೇರೆ ದಿನವಾಗಿದ್ದರೆ ಬಂದ್ ಸುದ್ದಿ ವಿಚಾರಿಸಿಕೊಂಡು ರೈತರು ಮನೆಯಲ್ಲೇ ಉಳಿಯುತ್ತಿದ್ದರು. ಆದರೆ ತುಫಾನಿನ ಸುದ್ದಿ ಕೇಳಿ, ಹತ್ತಿ ನೆನೆಯುವ ಮೊದಲು ಮಾರಿಬಿಡೋಣ ಎಂದು ಸುತ್ತಲಿನ ಊರುಗಳವರೆಲ್ಲ ಒಂದೇ ದಿನ ಹೇರಿಕೊಂಡು ಬಂದಿದ್ದರು.

ಇನ್ನೊಬ್ಬ ರೈತ ಉಗುಳಿ ಹೇಳಿದ: ‘ಸಾಯಾಕ ಈಗೇ ಬೇಕಾಗಿತ್ತೇನು ಆ ಮುದ್ಯಾಗ? ಬದುಕಿದ್ದಾಗ ತೂಕದಾಗ ತಿಂದ, ಸತ್ತ ಮ್ಯಾಲೆ ಮಳ್ಯಾಗ ನೆನಸಾಕತ್ತಾನ. ಆತನ್ನ ಕುಂದರಿಸಿ ಪೂಜಿ ಮಾಡಾಕತ್ತಾರ, ನಮ್ಮ ಹತ್ತಿ ಇಲ್ಲಿ ಹಾಳಾಗಾಕತ್ತೈತಿ.’

ನನ್ನ ಹಿಂದೆ ಬಳೆ ಸದ್ದಾಯಿತು. ಆಕೆ ಬಸ್ಸಿಳಿದು ಬಂದಿದ್ದಳು. ಎಲ್ಲವನ್ನೂ ಕೇಳಿದ್ದಳು.

‘ಆತ ನಮ್ಮಪ್ಪ’ ಎಂದಳು. ‘ನಾನು ಇನ್ನೂ ಮುಖ ನೋಡಿಲ್ಲಪ್ಪ. ಅಲ್ಲಿಗೆ ಹೋಗಾಕ ಯಾವ ದಾರಿ ಐತಿ, ತೋರಸ್ತೀರಾ?’

ಬೀಡಿಗಳು ಕೈಯಲ್ಲೇ ಉಳಿದವು. ಉಗುಳಿ ಮಾತಾಡಿದ್ದ ರೈತ ಎದ್ದು ನಿಂತ. ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ. ತಪ್ಪಾಯಿತು ಎಂದೇನೂ ಅನ್ನಲಿಲ್ಲ. ಟ್ರ್ಯಾಕ್ಟರಿಗೆ ಒರಗಿಸಿದ್ದ ಬೈಕನ್ನು ತಳ್ಳಿಕೊಂಡು ಬಂದು, ‘ಕೂಡ್ರಿ ತಾಯಿ. ಹೊಲದ ದಾರಿ ಹಿಡಿದು ಒಯ್ತೀನಿ. ನನ್ನ ಭುಜ ಗಟ್ಟಿ ಹಿಡೀರಿ’ ಎಂದ. ಆಕೆ ಕೂತಳು. ಬೈಕು ಕರಿಮಣ್ಣಿನ ಬದುವಿನ ಮೇಲೆ ಜೋಲಿ ಹೊಡೆಯುತ್ತ ಹೋಯಿತು. ಆಗಲೇ ಮೊದಲ ಹನಿ ಬಿದ್ದದ್ದು.

ಆಲೂರಿನಲ್ಲೇ ಆಕೆಯ ತಮ್ಮನ ನಂಬರನ್ನು ನನ್ನ ಫೋನಿಗೂ ಹಾಕಿಕೊಂಡಿದ್ದೆ. ಹಚ್ಚಿದೆ.

‘ಮೇಡಂ, ಮುಕ್ಕಾಲು ತಾಸು ಅಂದ್ರಿ. ತಾಸು ಮೀರಿತು. ಇಲ್ಲಿ ಮಳಿ ಜೋರೈತಿ. ಎಲ್ಲಿ ಅದಾಳ ನಮ್ಮ ಅಕ್ಕ?’

‘ಬೈಕಿನ ಮ್ಯಾಲೆ ಕಳಿಸೀನ್ರಿ. ಇನ್ನೊಂಚೂರು ತಡೀರಿ ಅಣ್ಣಾರ. ಇಲ್ಲೆಲ್ಲ ಟ್ರ್ಯಾಕ್ಟರ್ ನಿಂತಾವ. ಯಾರ್ಡ್ ಬಂದ್ ಐತಂತ.’



‘ನಾವೇ ಮಾಡಿಸಿದ್ವಿ’ ಎಂದ. ‘ಹಿಂದ ಯಾರಿಗೋ ಮಾಡಿದ್ರು, ನಮ್ಮ ಅಪ್ಪಗೂ ಆಗಬೇಕು ಅಂತ ನಾನೇ ಹೋಗಿ ಕೇಳಿದೆ.’

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಸುದ್ದಿ ಟ್ರ್ಯಾಲಿಯಿಂದ ಟ್ರ್ಯಾಲಿಗೆ ಹೋಯಿತು. ಸತ್ತವರ ಮಗಳು ಈ ಬಸ್ಸಿನಲ್ಲಿ ಬಂದವಳು ಎಂದು ಗೊತ್ತಾಗಿ, ಯಾರೂ ಹೇಳದೆ ಒಬ್ಬೊಬ್ಬರಾಗಿ ಟ್ರ್ಯಾಕ್ಟರು ಚಾಲೂ ಮಾಡಿ ಮಣ್ಣಿಗೆ ಇಳಿಸತೊಡಗಿದರು. ಮಳೆಯಲ್ಲಿ ಇಳಿಸಿದರೆ ಗಾಲಿ ಹೂಳುತ್ತದೆ, ಆಮೇಲೆ ಎಳೆದು ತೆಗೆಯುವವರು ಯಾರೂ ಇಲ್ಲ, ಗೊತ್ತಿದ್ದೂ ಇಳಿಸಿದರು. ಆಕೆ ಇಲ್ಲದ ಬಸ್ಸಿಗೆ ದಾರಿ ಸಿಕ್ಕಿತು. ‘ಈಗ ಹಾದಿ ಬಿಟ್ಟರು, ಸುಭಾನಲ್ಲಾ’ ಎಂದು ಚಾಚಾ ಗೇರು ಹಾಕಿದರು.

ರುದ್ರಭೂಮಿ ಊರಿನ ಹೊರಗೆ, ಅದೇ ರಸ್ತೆಯ ಪಕ್ಕದಲ್ಲಿತ್ತು. ನಾವು ಮುಟ್ಟುವಷ್ಟರಲ್ಲಿ ಮಂದಿ ತೊಯ್ದು ತಪ್ಪಡಿಯಾಗಿ ಹೊರಗೆ ಬರುತ್ತಿದ್ದರು. ಗೇಟಿನ ಹತ್ತಿರ ನೀರಿನ ಟ್ಯಾಂಕರಿನ ನಲ್ಲಿಗೆ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಬೈಕಿನ ರೈತ ಕಾಂಪೌಂಡಿನ ಹೊರಗೆ ನಿಂತಿದ್ದ, ಒಳಗೆ ಹೋಗದೆ.

ಆಕೆಯ ಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಟ್ಯಾಗು ನೋಡಿ ಇಳಿಸಿಕೊಂಡು ಗೇಟಿನ ತನಕ ಹೊತ್ತೆ. ಒಳಗೆ ಹೊಸ ಮಣ್ಣಿನ ದಿಬ್ಬದ ಮುಂದೆ ಆಕೆ ಕೂತಿದ್ದಳು. ಮಣ್ಣಿನ ಮೇಲೆ ಎರಡೂ ಅಂಗೈ ಇಟ್ಟಿದ್ದಳು. ಯಾರೋ ಹೆಂಗಸು ಕೊಡೆ ಹಿಡಿದಿದ್ದಳು, ಆಕೆಗೆ ಅದು ಬೇಕಾಗಿರಲಿಲ್ಲ.

ಪೆಟ್ಟಿಗೆ ತೆಗೆದುಕೊಳ್ಳಲು ತಮ್ಮ ಬಂದ. ನನ್ನ ವಯಸ್ಸಿಗೆ ಅಣ್ಣನಾಗುವವನಲ್ಲ, ಚಿಕ್ಕಪ್ಪನಾಗುವವನು. ಅಂಗೈ, ಪಂಚೆ ಎಲ್ಲ ಕೆಸರು.

‘ಆಕಿ ಬಂದಾಗ ನಮ್ಮ ಕೈಯಾಗಿನ ಸಲಿಕಿ ಇನ್ನಾ ಕೆಳಗ ಇಟ್ಟಿದ್ದಿಲ್ಲ’ ಎಂದ. ‘ನೀವು ಹೇಳಿದಷ್ಟು ತಡದೀವಿ. ಮ್ಯಾಲೂ ತಡದೀವಿ. ಗುಣಿ ಕುಸಿಯಾಕ ಹತ್ತಿತು ಮೇಡಂ. ಅಪ್ಪನ್ನ ನೀರಾಗ ಕುಂದರಸಾಕ ಆಗತೈತೇನು?’

ನಾನು ಪೆಟ್ಟಿಗೆಯ ಹಿಡಿಯನ್ನು ಆತನ ಕಡೆ ತಿರುಗಿಸಿದೆ.

‘ವಿಮಾನ ಬಳ್ಳಾರಿಗೆ ಬಂದೈತಿ ಅಂತ ಮಧ್ಯಾಹ್ನ ಒಬ್ಬರು, ಒಂದ ಮಾತು ಹೇಳಿದ್ರ, ನಾನು ಮನಿಯಿಂದ ಎತ್ತಾಕ ಬಿಡತಿದ್ದಿಲ್ಲ. ನಾನೇ ಗಾಡಿ ತಗೊಂಡು ಬರತಿದ್ದೆ. ನಮ್ಮ ಕಾರು ನೂರು ಕಿಲೋಮೀಟರ್ ಆಕಡೆ ನಿಂತು ಕಾಯಾಕತ್ತೈತಿ, ಈಗೂ ಅಲ್ಲೇ ನಿಂತೈತಿ.’

ಆತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ‘ಆತು, ಹೋಗಿ ಬರ್ರಿ’ ಎಂದು ಹೇಳಲು ಹೋಗಿ, ಸಾವಿನ ಜಾಗದಲ್ಲಿ ಹಾಗೆ ಅನ್ನಬಾರದೆಂದು ನೆನಪಾಗಿ, ಬಾಯಿ ಮುಚ್ಚಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಆಕೆ ತಲೆಯೆತ್ತಿ ನೋಡಲಿಲ್ಲ.

ಕರ್ನೂಲು ದಾಟಿ ನಿಲ್ದಾಣ ಮುಟ್ಟಿದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಮ್ಯಾನೇಜರು ಬಾಗಿಲಲ್ಲೇ ನಿಂತು ಎಣಿಸಿದರು. ಮೂವತ್ತು. ನನ್ನ ಕಡೆ ನೋಡಿ ತಲೆ ಆಡಿಸಿದರು. ನಿಶ್ಚಿತಾರ್ಥದವರು ದೂರು ಬರೆದುಕೊಟ್ಟು ಹೋದರು. ಅವರದು ತಪ್ಪೆನ್ನಲಾರೆ. ಅವರಿಗೆ ಎರಡೂವರೆ ತಾಸು ಎಂದು ಹೇಳಿದ್ದವರು ನಾವೇ.

ಆ ದಿನಗಳಲ್ಲಿ ನಾನು ಒಂದನ್ನೇ ಮತ್ತೆ ಮತ್ತೆ ಯೋಚಿಸಿದೆ. ನಾನು ಹೇಳಿದ ಮುಕ್ಕಾಲು ತಾಸೂ ನಿಜವಾಗಲಿಲ್ಲ. ನಾನು ದಾರಿ ಅಳೆದದ್ದು ಬೇಸಿಗೆಯಲ್ಲಿ, ಯಾರ್ಡು ಖಾಲಿ ಇದ್ದಾಗ. ಹತ್ತಿ ಸುಗ್ಗಿಯಲ್ಲಿ ಇನ್ನೊಂದು ಸಲ ಹೋಗಿ ಬರುತ್ತೇನೆ ಎಂದು ಕೇಳಿದ್ದೆ, ಕಾರು ಕೊಡಲಿಲ್ಲ. ಕೊಟ್ಟಿದ್ದರೂ ಒಬ್ಬರ ಸಾವು ಊರಿನ ದಾರಿಯನ್ನು ಹೀಗೆ ಕಟ್ಟುತ್ತದೆ ಎಂದು ಕಾಣುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಆದರೆ ಬಸ್ಸು ಹೊರಡುವ ಮೊದಲೇ ನಿಜ ಹೇಳಿದ್ದರೆ ಆ ಮಗಳಿಗೆ ನನ್ನ ಲೆಕ್ಕವೇ ಬೇಕಾಗುತ್ತಿರಲಿಲ್ಲ. ಆಕೆಯ ತಮ್ಮನೇ ಬಂದು ಕರೆದೊಯ್ಯುತ್ತಿದ್ದ. ಇದು ಮಾತ್ರ ನನಗೆ ಗೊತ್ತು.

ವಿಚಾರಣೆ ಕರ್ನೂಲಿನ ಆಫೀಸಿನಲ್ಲಿ ನಡೆಯಿತು. ಮ್ಯಾನೇಜರು, ಜೊತೆಗೆ ವಿಮಾನದವರ ಕಡೆಯ ಒಬ್ಬ ಅಧಿಕಾರಿ. ಎಡಕ್ಕೆ ಹೊರಳಿಸಲು ಅನುಮತಿ ಯಾರು ಕೊಟ್ಟರು, ಉಳಿದವರಿಗೆ ಎಷ್ಟು ತಡವಾಯಿತು, ನಡುದಾರಿಯಲ್ಲಿ ಡಿಕ್ಕಿ ಯಾಕೆ ತೆಗೆದೆ ಎಂದು ಕೇಳಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೈಪಿಡಿಯ ಎರಡೂವರೆ ತಾಸಿನ ಬಗ್ಗೆ ನಾನೂ ಒಂದು ಪ್ರಶ್ನೆ ಕೇಳಿದೆ. ಅದು ಇವತ್ತಿನ ವಿಷಯ ಅಲ್ಲ ಎಂದರು.

ಅಧಿಕಾರಿ, ‘ಇಳಿದುಹೋದ ಪ್ರಯಾಣಿಕರಿಂದ ದೂರು ಬಂದಿದೆಯೇ?’ ಎಂದು ಕೇಳಿದರು. ಬಂದಿರಲಿಲ್ಲ. ಅವರು ಹೇಳುತ್ತ ಹೋದರು, ಮ್ಯಾನೇಜರು ಬರೆಯುತ್ತ ಹೋದರು: ಒಬ್ಬ ಪ್ರಯಾಣಿಕರನ್ನು ಅವರ ಕೋರಿಕೆಯ ಮೇಲೆ ಆದೋನಿಯ ಬಳಿ ಇಳಿಸಲಾಗಿದೆ, ಅವರಿಗೆ ಯಾವ ತೊಂದರೆಯೂ ಆಗಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ಸಹಿಯ ಜಾಗದಲ್ಲಿ ಬೆರಳಿಟ್ಟು ತೋರಿಸಿದರು.

‘ಇದರಾಗ ಒಂದು ಸೇರಸ್ರಿ ಸರ್’ ಎಂದೆ.

‘ಏಮಿಟಿ?’

‘ಆಕಿಗೆ ಅಪ್ಪನ ಮುಖ ಸಿಗಲಿಲ್ಲ.’

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮ್ಯಾನೇಜರು ಪೆನ್ನಿಗೆ ಕ್ಯಾಪು ಹಾಕಿ, ಮಗಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು: ‘ದಾನಿಕಿ ಕಾಲಂ ಲೇದಮ್ಮಾ. ಅದಕ್ಕೆ ಇದರಲ್ಲಿ ಜಾಗ ಇಲ್ಲ.’

ನಮ್ಮ ಮನೆಯಲ್ಲಿ ನನಗಿಂತ ಮೊದಲಿನವರೆಲ್ಲ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದವರು. ಮೇಲೆ ಏನು ಬರೆದಿದೆ ಎಂದು ಅವರಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತದೆ. ಓದಿದೆ, ಹಾಳೆಯನ್ನು ಅವರ ಕಡೆಗೇ ತಿರುಗಿಸಿಟ್ಟು ಎದ್ದು ಬಂದೆ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.